ಮೂರು ಮೂರು ಮೂರರ ಬೇಸಿಗೆ

ನಾನು ಓದು ನಿಲ್ಲಿಸಿದ್ದು ೨೦೦೩ರಲ್ಲಿ. ಆಗ ನನಗೆ ಹದಿನಾರು. ಆ ದಿನಗಳಲ್ಲಿ ಈ ದೇಶದಲ್ಲಿ ಹದಿನಾರಕ್ಕೆ ಶಾಲೆ ಬಿಟ್ಟರೆ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದವರು ನಮ್ಮವರೇ, ಕನ್ನಡದವರು. "ಮುಂದೆ ಏನು ಓದ್ತೀಯಪ್ಪಾ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ತಮ್ಮ ಮಗನ ಮೆಡಿಕಲ್ ಸೀಟಿನ ಮಾತು ತೆಗೆಯುತ್ತಿದ್ದರು. ಆ ವಿಷಯ ಇರಲಿ. ಓದು ಬಿಟ್ಟದ್ದಕ್ಕೆ ನನಗೆ ನಾಚಿಕೆ ಇಲ್ಲ. ಈ ದೇಶದಲ್ಲಿ ಒಂದು ದಿನವೂ ಸರ್ಕಾರದ ಭತ್ಯೆಗೆ ಕೈಚಾಚದೆ ಬದುಕಿದ್ದೇನೆ. ಆದರೆ ಆ ವರ್ಷದ ಬೇಸಿಗೆಯ ಬಗ್ಗೆ ಬರೆಯಬೇಕು ಅನ್ನಿಸಿ ಬಹಳ ದಿನವಾಯಿತು.

ನಾವು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಫ್ಲ್ಯಾಟಿನಲ್ಲಿದ್ದೆವು. ಅಪ್ಪ ಗದಗಿನ ಖಾನಾವಳಿಯೊಂದರಲ್ಲಿ ಅಡುಗೆ ಮಾಡುತ್ತಿದ್ದವನು, ಇಲ್ಲಿಯ ಹೋಟೆಲಿಗೆ ಅಡುಗೆಯವನಾಗಿ ಬಂದ. ಆ ಹೋಟೆಲು ಮುಚ್ಚಿದ ಮೇಲೆ ಪಾರ್ಕ್ ರಾಯಲ್‌ನ ಒಂದು ಚಪಾತಿ ಕಾರ್ಖಾನೆ ಸೇರಿದ. ಸಂಜೆ ಅವನು ಬಾಗಿಲು ತೆರೆದರೆ ಮೊದಲು ಬರುತ್ತಿದ್ದುದು ಹಸಿ ಹಿಟ್ಟಿನ ವಾಸನೆ, ಆಮೇಲೆ ಅಪ್ಪ. ಹುಬ್ಬಿನ ಮೇಲೆಲ್ಲ ಹಿಟ್ಟು. "ಮುದುಕ ಬಂದ ನೋಡು" ಎಂದು ಅವ್ವ ನಗುತ್ತಿದ್ದಳು.

ನಾನು ಇಲ್ಲಿಗೆ ಬಂದಾಗ ನನಗೆ ಹನ್ನೆರಡು ವರ್ಷ. ಶಾಲೆಯಲ್ಲಿ ನಾಲ್ಕು ವರ್ಷ ಕಳೆದರೂ ಗೆಳೆಯ ಅಂತ ಒಬ್ಬನಿರಲಿಲ್ಲ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಇಂಗ್ಲಿಷ್ ವಾಕ್ಯ ತಲೆಯಲ್ಲಿ ತಯಾರಾಗಿ ಬಾಯಿಗೆ ಬರುವಷ್ಟರಲ್ಲಿ ಅವರ ಮಾತು ಬೇರೆಲ್ಲಿಗೋ ಹೋಗಿರುತ್ತಿತ್ತು. ಊಟದ ಬಿಡುವಿನಲ್ಲಿ ನಾನು ಮೈದಾನದ ಸುತ್ತ ಓಡುತ್ತಿದ್ದೆ. ಓಡುವವನು ಒಬ್ಬನೇ ಇದ್ದರೆ ನೋಡಿದವರಿಗೆ ವಿಚಿತ್ರ ಅನ್ನಿಸುವುದಿಲ್ಲ.

ಹಾಗೆ ಓಡುವುದನ್ನು ಬೇಟ್ಸ್ ಸರ್ ನೋಡಿದರು. ಭೂಗೋಳ ಹೇಳಿಕೊಡಲು ಆಸ್ಟ್ರೇಲಿಯಾದಿಂದ ಬಂದಿದ್ದ ತಾತ್ಕಾಲಿಕ ಮೇಷ್ಟ್ರು, ಕೆಂಪು ಕುತ್ತಿಗೆಯ ಎತ್ತರದ ಮನುಷ್ಯ. ಅವರ ದೇಶದ ಫುಟ್ಬಾಲನ್ನು ಇಲ್ಲಿಯ ಹುಡುಗರಿಗೆ ಕಲಿಸಬೇಕೆಂಬ ಹುಚ್ಚು ಅವರಿಗೆ. ಪಾರ್ಕಿನ ಕ್ರಿಕೆಟ್ ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಬಿಳಿ ಪ್ಲಾಸ್ಟಿಕ್ ಪೈಪು ನೆಟ್ಟರು. ಮಾಳಿಗೆಯ ಮಳೆನೀರು ಇಳಿಯಲು ಹಾಕುತ್ತಾರಲ್ಲ, ಅವೇ ಪೈಪು. ಮೊಟ್ಟೆಯ ಆಕಾರದ ಚೆಂಡು. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಆರು ಪಾಯಿಂಟು, ಪಕ್ಕದಲ್ಲಿ ಹೋದರೆ ಒಂದು. ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಯಾರೂ ಮೈಮೇಲೆ ಬೀಳುವಂತಿಲ್ಲ. ನಿಧಾನಕ್ಕೆ ಗುರಿ ನೋಡಿ ಒದೆಯಬಹುದು. ಅವರ ದೇಶದಲ್ಲಿ ದೊಡ್ಡವರು ಹದಿನೆಂಟು ಹದಿನೆಂಟು ಜನ ಆಡುತ್ತಾರೆ. ನಮಗೆ ಸಿಕ್ಕಿದ್ದು ಒಂಬತ್ತೇ ಜನ. ನಮ್ಮೆದುರು ಆಡುತ್ತಿದ್ದ ಸುತ್ತಲಿನ ತಂಡಗಳಲ್ಲೂ ಅಷ್ಟೇ.

ಎಂಟು ಜನ ನಮ್ಮ ಶಾಲೆಯವರು. ಒಂಬತ್ತನೆಯವನು ಪಿನ್ನರ್‌ನಿಂದ ಬರುತ್ತಿದ್ದ ವಿನಯ. ಅವನನ್ನು ಸೇರಿಸಿದವನು ನಾನೇ. ಯುಗಾದಿಗೆ ಕನ್ನಡದವರೆಲ್ಲ ಸೇರಿ ಊಟ ಮಾಡಿದ ದಿನ ನನ್ನ ಪಕ್ಕದ ಕುರ್ಚಿ ಅವನದಾಗಿತ್ತು. ಧಾರವಾಡದ ಡಾಕ್ಟರ ಮಗ, ನನ್ನದೇ ವಯಸ್ಸು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಮಾತಾಡುವುದು, ಅವನು ಇಂಗ್ಲಿಷಿನಲ್ಲಿ ಹೇಳುವುದು. ಇಬ್ಬರಿಗೂ ಕಷ್ಟವಿರಲಿಲ್ಲ. ಲಂಡನ್ನಿಗೆ ಬಂದ ಮೇಲೆ ನನ್ನ ಮಾತನ್ನು ಕೊನೆಯವರೆಗೆ ಕೇಳಿದ ಮೊದಲ ಹುಡುಗ ಅವನು.

ಶನಿವಾರ ಬೆಳಿಗ್ಗೆ ಅವನ ತಾಯಿ ಕಾರಿನಲ್ಲಿ ತಂದು ಬಿಡುತ್ತಿದ್ದರು. ಎಲ್ಲರೂ ಅವರನ್ನು ಡಾಕ್ಟರ್ ಆಂಟಿ ಅನ್ನುತ್ತಿದ್ದರು, ಡಾಕ್ಟರು ಅವರ ಗಂಡ. ಅರ್ಧ ಆಟಕ್ಕೆ ಆಂಟಿ ಹೆಚ್ಚಿ ತಂದ ಕಿತ್ತಳೆ ಹಣ್ಣು ಎಲ್ಲರಿಗೂ. ಅವ್ವ ಫಾಯಿಲಿನಲ್ಲಿ ಸುತ್ತಿ ಕೊಟ್ಟ ಶೇಂಗಾ ಹೋಳಿಗೆ ವಿನಯನಿಗೆ. ಅವನ ವಿನೆಗರ್ ಹಾಕಿದ ಆಲೂ ಚಿಪ್ಸ್ ನನಗೆ. ಇವತ್ತಿಗೂ ಆ ಹುಳಿ ವಾಸನೆಗೆ ನನಗೆ ತುಳಿದ ಹಸಿ ಹುಲ್ಲು ನೆನಪಾಗುತ್ತದೆ.

ಮೊದಮೊದಲು ನಮ್ಮ ಆಟಕ್ಕೆ ಯುಕ್ತಿ ಎಂಬುದೇ ಇರಲಿಲ್ಲ. ಚೆಂಡು ಎಲ್ಲಿದೆಯೋ ಹದಿನೆಂಟು ಹುಡುಗರೂ ಅಲ್ಲಿ. ಸ್ವಲ್ಪ ಬುದ್ಧಿ ಬಂದ ತಂಡಗಳು ಇನ್ನೊಂದು ಕೆಟ್ಟ ಚಾಳಿ ಕಲಿತವು: ಒಂದು ಗೋಲು ಹೊಡೆದು, ಒಂಬತ್ತೂ ಜನ ತಮ್ಮ ಕಂಬದ ಮುಂದೆ ಗೋಡೆಯ ಹಾಗೆ ನಿಲ್ಲುವುದು. ನೋಡಲು ಬಂದ ತಾಯಂದಿರು ಪೇಪರ್ ಓದತೊಡಗಿದರು. ಆಗ ಪಂದ್ಯ ನಡೆಸುವವರು ಹೊಸ ನಿಯಮ ತಂದರು. ಮೈದಾನಕ್ಕೆ ಅಡ್ಡ ಎರಡು ಗೆರೆ ಎಳೆದು ಮೂರು ಭಾಗ. ಆಟ ಶುರುವಾಗುವಾಗ, ಪ್ರತಿ ಗೋಲಿನ ನಂತರವೂ, ಪ್ರತಿ ತಂಡದವರು ಮುಂದೆ ಮೂವರು, ನಡುವೆ ಮೂವರು, ಹಿಂದೆ ಮೂವರು ನಿಲ್ಲಬೇಕು. ಅಂಪೈರು ಚೆಂಡು ಮೇಲೆ ಎಸೆಯುವ ಮೊದಲು ಗೆರೆ ದಾಟಿದರೆ ಎದುರಾಳಿಗೆ ಚೆಂಡು.

ಬೇಟ್ಸ್ ಸರ್ ನನ್ನನ್ನು ಮುಂದಿನ ಮೂವರಲ್ಲಿ ಹಾಕಿದರು. ಹೊಸ ನಿಯಮದ ಮೊದಲ ಪಂದ್ಯ. ಶಿಳ್ಳೆಯಾಯಿತು, ಚೆಂಡು ಎದ್ದಿತು, ಎಲ್ಲರೂ ಓಡಿದರು. ನಾನು ಓಡಲಿಲ್ಲ. ನನ್ನ ಭಾಗದಲ್ಲಿ, ಗೆರೆಯ ಒಳಗೆ, ಮಂಡಿ ಬಾಗಿಸಿ ಕಾದೆ. ಎದುರಿನವರು ಗೋಲು ಹೊಡೆದರು. ಮತ್ತೆ ಶಿಳ್ಳೆ, ಮತ್ತೆ ನಾನು ಅಲ್ಲೇ. ಇನ್ನೊಂದು ಗೋಲು. ನಮ್ಮ ಹುಡುಗರು ಕೂಗಿ ಕೂಗಿ ಸುಸ್ತಾದರು. ನನಗೆ ಅವರೇ ನಿಯಮ ಮರೆತು ಅಲ್ಲಿ ಇಲ್ಲಿ ಓಡುತ್ತಿದ್ದಾರೆ ಅನ್ನಿಸಿ ಸಿಟ್ಟು ಬಂದಿತ್ತು.

ಅರ್ಧ ಆಟಕ್ಕೆ ಸರ್ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. "ಕಾಲು ನೋವೇನು, ಮೇಟ್?"

"ನೋ ಸರ್."

"ಮತ್ತೆ?"

ನನಗೆ ಇಂಗ್ಲಿಷ್ ಹೊರಡಲಿಲ್ಲ. ವಿನಯನ ಕಡೆ ತಿರುಗಿ ಹೇಳಿದೆ: "ನನ್ನ ಯಾರೂ ಕರೀಲಿಲ್ಲಲ್ಲೋ. ಬೆನ್ನ ಮುಟ್ಟಿ ಖೋ ಅನ್ನಬೇಕಲ್ಲ? ಅನ್ನದs ಹೆಂಗ ಏಳ್ಲಿ?"

ಆಟಕ್ಕೆ ಮೊದಲು ಸರ್ ಹೇಳಿದ ನಿಯಮ ನನಗೆ ಪೂರ್ತಿ ಕೇಳಿಸಿತ್ತು. ಆದರೆ ಗದಗಿನ ಶಾಲೆಯಲ್ಲಿ ಐದು ವರ್ಷ ಖೋ ಖೋ ಆಡಿದ ಮೈ ಇದು. ಅಲ್ಲಿ ಸಾಲಿನಲ್ಲಿ ಕೂತವನು ತನ್ನವನೊಬ್ಬ ಬಂದು ಬೆನ್ನು ಮುಟ್ಟಿ ಕರೆಯುವವರೆಗೆ ಏಳುವುದಿಲ್ಲ. ಮೊದಲೇ ಎದ್ದರೆ ಫೌಲು. ನಮ್ಮ ಪಿ.ಟಿ. ಮಾಸ್ತರರು ಹಾಗೆ ಎದ್ದವರ ತೊಡೆ ಚಿವುಟುತ್ತಿದ್ದರು. ಗೆರೆ ಎಳೆದು ಜಾಗ ಕೊಟ್ಟರು ಅಂದ ಕೂಡಲೇ ನನ್ನ ಮೈ ಆ ಆಟವನ್ನೇ ಹಿಡಿದಿತ್ತು.

ವಿನಯ ಹುಲ್ಲಿನ ಮೇಲೆ ಉರುಳಾಡಿ ನಕ್ಕ. ಆಮೇಲೆ ಎದ್ದು ಸರ್‌ಗೆ ಎಲ್ಲ ವಿವರಿಸಿದ. ಸರ್ ನಗಲಿಲ್ಲ. ಮೈದಾನದ ಆ ತುದಿ ನೋಡಿದರು. "ಇವನ ಪಕ್ಕ ಇದ್ದ, ಎದುರು ತಂಡದ ಕೆಂಚು ಕೂದಲಿನ ಹುಡುಗ ಎಲ್ಲಿಗೆ ಹೋಗಿದ್ದ?" ಎಂದು ಕೇಳಿದರು. ಅವನು ನನ್ನನ್ನು ನೋಡಿ ನೋಡಿ ಬೇಸತ್ತು, ನಡುವಿನ ಗುಂಪಿಗೆ ಓಡಿಹೋಗಿದ್ದ. ಎದುರಿನವರ ಕಂಬದ ಮುಂದೆ ನಾನೊಬ್ಬನೇ ಉಳಿದಿದ್ದೆ.

"ಹಾಗಾದರೆ ಅಲ್ಲೇ ಇರು" ಎಂದರು ಸರ್. "ವಿನಯ್, ಚೆಂಡು ಸಿಕ್ಕರೆ ತಲೆ ಎತ್ತಬೇಡ. ಇವನಿದ್ದ ಕಡೆ ಒದಿ."

ಎರಡನೆಯ ಅರ್ಧದಲ್ಲಿ ಗುಂಪಿನೊಳಗಿಂದ ವಿನಯನ ದನಿ ಬಂತು. "ಖೋ!" ಅವನ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಕೂಗು ಅದು. ಕೂಗಿನ ಹಿಂದೆಯೇ ಚೆಂಡು, ನನ್ನ ತಲೆಯ ಮೇಲೆ. ಓಡಿ ಹಿಡಿದೆ. ಸುತ್ತ ಯಾರೂ ಇಲ್ಲ. ಒದ್ದೆ. ಆರು ಪಾಯಿಂಟು. ಹಾಗೆ ನಾಲ್ಕು ಸಲ. ಕೆಂಚು ಕೂದಲಿನ ಹುಡುಗನ ತಂದೆ ಗೆರೆಯ ಆಚೆಯಿಂದ ಅವನಿಗೆ ಬೈದ ಬೈಗುಳದಲ್ಲಿ ನಾನು ಎರಡು ಹೊಸ ಶಬ್ದ ಕಲಿತೆ.

ಜೂನು, ಜುಲೈ ಇಡೀ ನಾವು ಗೆದ್ದೆವು. ಉಳಿದ ತಂಡಗಳೂ ದಡ್ಡರೇನಲ್ಲ. ನನಗೆ ಒಬ್ಬ ಎತ್ತರದವನನ್ನು ಅಂಟಿಸಿದರು. ಆಗ ಸರ್ ನನ್ನನ್ನು ಗೆರೆಯ ಅಂಚಿಗೆ ತಂದು ನಿಲ್ಲಿಸಿದರು. ಚೆಂಡು ಎದ್ದ ಕೂಡಲೇ ನಾನು ನಡುವಿಗೆ ಓಡುವುದು, ಎತ್ತರದವನು ನನ್ನ ಬೆನ್ನು ಹತ್ತುವುದು, ಖಾಲಿಯಾದ ಜಾಗಕ್ಕೆ ನಮ್ಮ ಇನ್ನೊಬ್ಬ ನುಗ್ಗುವುದು. ವಿನಯನ ಮನೆಯ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿ, ಚಮಚ, ಲೋಟ ಇಟ್ಟು ನಾವಿಬ್ಬರೂ ಇನ್ನೂ ಹತ್ತು ಯುಕ್ತಿ ಕಟ್ಟಿದೆವು. "ನೀ ಉಪ್ಪಿನಕಾಯಿ" ಅನ್ನುತ್ತಿದ್ದೆ ನಾನು. "ನೋ, ಯು ಆರ್ ಉಪ್ಪಿನಕಾಯಿ" ಅನ್ನುತ್ತಿದ್ದ ಅವನು.

ಆಗಸ್ಟಿನ ಕೊನೆಯ ಶನಿವಾರ ಫೈನಲ್ ಎಂದು ಗೊತ್ತಾಯಿತು. ಅದೇ ವಾರ ಅಪ್ಪನ ಬಲಭುಜ ಹೋಯಿತು. ಹಿಟ್ಟಿನ ಮೂಟೆ ಎತ್ತಿ ಎತ್ತಿ ಎಷ್ಟೋ ದಿನದಿಂದ ನೋಯುತ್ತಿತ್ತು, ಈಗ ಕೈ ಎದೆಯ ಮಟ್ಟಕ್ಕೂ ಏರಲಿಲ್ಲ. ಕಾರ್ಖಾನೆಯ ಮಾಲೀಕ ಒಳ್ಳೆಯವನು. ಮಗ ಬಂದು ಭಾರದ ಕೆಲಸ ಹಿಡಿದರೆ ಅಪ್ಪನನ್ನು ಪ್ಯಾಕಿಂಗಿಗೆ ಹಾಕಿಕೊಳ್ಳುತ್ತೇನೆ ಎಂದ. ಕೆಲಸ ಶನಿವಾರವೂ ಇತ್ತು.

"ನಾ ಒತ್ತಾಯ ಮಾಡೂದಿಲ್ಲಪಾ" ಎಂದ ಅಪ್ಪ, ನನ್ನ ಮುಖ ನೋಡದೆ. "ಸಾಲಿ ಕಲೀಬೇಕಂದ್ರ ಕಲಿ."

"ಬರ್ತೀನಿ ಅಂದ್ನಲ್ಲ" ಎಂದೆ. ಅಂದಿರಲಿಲ್ಲ. ಆ ಕ್ಷಣಕ್ಕೆ ಅಂದುಬಿಟ್ಟೆ.

ಸುದ್ದಿ ಡಾಕ್ಟರ್ ಆಂಟಿಯ ಕಿವಿಗೆ ಬಿತ್ತು. ಅಭ್ಯಾಸ ಮುಗಿದ ಮೇಲೆ ನನ್ನನ್ನು ಕಾರಿನ ಹತ್ತಿರ ಕರೆದರು. ವಿನಯ ಪಕ್ಕದಲ್ಲಿ ಬೂಟಿನ ಮಣ್ಣು ಬಡಿಯುತ್ತಿದ್ದ.

"ಒಂದು ಶನಿವಾರದ ಮಾತದ. ನಾ ಆ ಮಾಲೀಕಗ ಫೋನ್ ಮಾಡ್ತೀನಿ, ಬಿಡ್ತಾನ. ಕಾಲೇಜಿಂದೂ ನಿಮ್ಮಪ್ಪನ ಕೂಡ ಮಾತಾಡ್ಲೇನು? ನಮ್ಮ ಮನಿಯವರು ಏನಾರೆ ವ್ಯವಸ್ಥಾ ಮಾಡ್ತಾರ."

ಅವರದು ಒಳ್ಳೆಯ ಮನಸ್ಸು. ಈಗ ಗೊತ್ತು. ಆಗ ನನಗೆ ಕಂಡದ್ದು ಒಂದೇ: ಮೊನ್ನೆವರೆಗೆ ಮೂಟೆ ಎತ್ತಿದ ಅಪ್ಪ ಪಿನ್ನರ್‌ನ ಆ ದೊಡ್ಡ ಸೋಫಾದ ತುದಿಯಲ್ಲಿ ಕೂತು, ಭುಜ ಹಿಡಿದುಕೊಂಡು, "ಹೂಂರಿ ಅವ್ವಾರ, ಹೂಂರಿ" ಅನ್ನುವುದು.

"ಬ್ಯಾಡ್ರಿ ಆಂಟಿ" ಎಂದೆ. "ಕೆಲಸದ ಸಲುವಾಗಿ ಅಲ್ರಿ. ನನಗ ಈ ಆಟs ಬ್ಯಾಸರಾಗೇತಿ."

ವಿನಯ ಬೂಟು ಬಡಿಯುವುದನ್ನು ನಿಲ್ಲಿಸಿದ. "ಯು ಆರ್ ಬೋರ್ಡ್?" ಎಂದ. "ವಿತ್ ಅಸ್?"

ಸುಳ್ಳು ಅಂತ ಹೇಳಲು ಒಂದು ಕ್ಷಣ ಸಾಕಿತ್ತು. ನಾನು ಹೆಗಲು ಕುಣಿಸಿದೆ. ಅವನು ಕಾರಿನೊಳಗೆ ಹೋಗಿ ಕೂತ. ಗಾಜು ಇಳಿಸಲಿಲ್ಲ.

ಆ ಶನಿವಾರ ನಾನು ಮೂಟೆ ಎತ್ತಿದೆ. ಬಿಸಿ ಗಾಳಿ, ಚಪಾತಿ ಉಬ್ಬುವ ವಾಸನೆ, ಯಂತ್ರದ ಸದ್ದು. ಗೋಡೆಯ ಗಡಿಯಾರ ಹನ್ನೊಂದು ತೋರಿಸಿದಾಗ ಶಿಳ್ಳೆಯಾಗಿರಬೇಕು ಅಂದುಕೊಂಡೆ. ಹನ್ನೊಂದೂವರೆಗೆ, ಈಗ ಅರ್ಧ ಆಟ. ಆಮೇಲೆ ಗಡಿಯಾರಕ್ಕೆ ಬೆನ್ನು ಹಾಕಿ ನಿಂತು ಕೆಲಸ ಮಾಡಿದೆ.

ಮೂರು ವಾರದ ಮೇಲೆ ಬೇಟ್ಸ್ ಸರ್ ತರಕಾರಿ ಅಂಗಡಿಯಲ್ಲಿ ಸಿಕ್ಕರು. ಊರಿಗೆ ವಾಪಸ್ ಹೊರಟಿದ್ದರು. ಒಂಬತ್ತನೆಯವನು ಸಿಗದೆ ಎಂಟೇ ಜನ ಆಡಿದರಂತೆ, ಮುಂದಿನ ಭಾಗದಲ್ಲಿ ಇಬ್ಬರೇ. ಎಂಟು ಪಾಯಿಂಟಿನಿಂದ ಸೋತರಂತೆ.

"ವಿನಯ್ ಎರಡು ಸಲ ಚೆಂಡನ್ನು ನಿನ್ನ ಜಾಗಕ್ಕೇ ಒದ್ದ" ಎಂದರು ಸರ್, ಟೊಮೆಟೊ ಆರಿಸುತ್ತ. "ಅಭ್ಯಾಸ. ಕೂಗಿದ ಕೂಡ."

ಅವರು ಕೈಕುಲುಕಿ ಹೋದರು. ಅವರಿಗೆ ನಾನು ಒಂದು ಥ್ಯಾಂಕ್ಸ್ ಹೇಳಲಿಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು.

ವಿನಯನ ಮನೆಯ ಫೋನ್ ನಂಬರು ನನಗೆ ಬಾಯಿಪಾಠವಿತ್ತು. ಅವನೇ ಮಾಡಲಿ ಎಂದು ಕಾದೆ. ಮೊದಲು ಒಂದು ವಾರ, ಆಮೇಲೆ ಚಳಿಗಾಲ ಕಳೆಯುವವರೆಗೆ. ತಪ್ಪು ಮಾಡಿದವನು ನಾನು, ಕಾದವನೂ ನಾನು. ಆರು ವರ್ಷದ ಹಿಂದೆ ಹ್ಯಾರೋದ ಒಂದು ಮದುವೆಯಲ್ಲಿ ಅವನನ್ನು ಕಂಡೆ. ಊಟದ ಸಾಲಿನಲ್ಲಿ ನಮ್ಮಿಬ್ಬರ ನಡುವೆ ಹತ್ತು ಜನ. ತಲೆ ಸ್ವಲ್ಪ ಬೋಳಾಗಿದೆ, ಅವನೂ ಈಗ ಡಾಕ್ಟರು. ಕೈ ಎತ್ತಿದ. ನಾನೂ ಎತ್ತಿದೆ. ಸಾಲು ಮುಂದೆ ಸರಿಯಿತು.

ಈಗ ಶನಿವಾರ ಬೆಳಗಿನ ಚಹಾದ ಹೊತ್ತಿಗೆ ಫೋನಿನಲ್ಲಿ ಆ ದೇಶದ ಆಟ ನೋಡುತ್ತೇನೆ. ಅಲ್ಲಿಯೂ ಆರು ಆರು ಆರು ಎಂದು ನಿಲ್ಲಿಸುತ್ತಾರೆ. ಶುರುವಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಮತ್ತೆ ತಿದ್ದುವ ಮಾತು ನಡೆದಿದೆ. ಇನ್ನು ನಡುವೆ ಜಾಗ ಬಿಚ್ಚಿಕೊಳ್ಳುತ್ತದೆ, ಕಂಬದ ಮುಂದೆ ಒಬ್ಬನಿಗೆ ಒಬ್ಬನೇ ಎದುರಾಳಿ, ಗೋಲು ಹೆಚ್ಚುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಅರ್ಧ ನಿಜ. ಮೊದಲ ಹತ್ತು ಸೆಕೆಂಡು ಹಾಗಿರುತ್ತದೆ. ಆಮೇಲೆ ಯಾವನೋ ಒಬ್ಬ ಕೋಚು ತನ್ನ ಓಟಗಾರನನ್ನು ಗೆರೆಯ ಅಂಚಿಗೆ ತಂದು ನಿಲ್ಲಿಸಿ, ಚೆಂಡು ಎದ್ದೊಡನೆ ಹಿಂದಕ್ಕೆ ಅಟ್ಟಿ, ಮತ್ತೆ ಗೋಡೆ ಕಟ್ಟುತ್ತಾನೆ. ಇನ್ನೊಬ್ಬ ಜಾಣ ಆಗಲೂ ಒಬ್ಬನನ್ನು ಮುಂದೆಯೇ ಬಿಟ್ಟಿರುತ್ತಾನೆ. ಹಾಗೆ ಬಿಡಲು ಧೈರ್ಯ ಬೇಕು, ಒದೆಯುವವನು ನಂಬಿಕೆಯವನಾಗಿರಬೇಕು. ಇದನ್ನೆಲ್ಲ ನನ್ನ ಹೆಂಡತಿಗೆ ಒಮ್ಮೆ ಹೇಳಿದೆ. "ಹೌದಾ?" ಎಂದು ಕೇಳಿ ಕುಕ್ಕರಿನ ಕಡೆ ತಿರುಗಿದಳು. ದೊಡ್ಡ ಮಗಳು, "ಡ್ಯಾಡ್, ನೋಬಡಿ ವಾಚಸ್ ದಿಸ್" ಎಂದಳು.

ಅಪ್ಪ ತೀರಿಹೋಗಿ ನಾಲ್ಕು ವರ್ಷವಾಯಿತು. ಆ ಕಾರ್ಖಾನೆ ಈಗ ಇಲ್ಲ. ಅದೇ ಪಾರ್ಕ್ ರಾಯಲ್‌ನಲ್ಲಿ, ಎರಡು ರಸ್ತೆ ಆಚೆ, ನನ್ನದೇ ಒಂದಿದೆ. ನನ್ನ ಹತ್ತಿರ ಈಗ ಇರುವುದು: ಚಪಾತಿ ಯಂತ್ರ ಎರಡು, ವ್ಯಾನು ಮೂರು, ಕೆಲಸದವರು ಹದಿನಾಲ್ಕು ಜನ. ಕಿಂಗ್ಸ್‌ಬರಿಯಲ್ಲಿ ಮನೆ ಒಂದು. ಹೆಂಡತಿ, ಹೆಣ್ಣುಮಕ್ಕಳು ಇಬ್ಬರು, ಅವ್ವ. ಗೆಳೆಯರು, ಯಾರೂ ಇಲ್ಲ.