ಯಾವ ಫ್ಲೋರು, ಸಾರ್?
ಹನ್ನೊಂದು ಮಹಡಿಯ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಲಿಫ್ಟ್ ಓಡಿಸಿ ನಿವೃತ್ತನಾದ ಲಿಫ್ಟಜ್ಜ, ಈ ವಯಸ್ಸಿನಲ್ಲಿ ಎಂಜಿನ್ನೇ ಇಲ್ಲದ ಗ್ಲೈಡರ್ ವಿಮಾನ ಹಾರಿಸಲು ಕಲಿಯುತ್ತೇನೆಂದು ಹೊರಟಾಗ ಮಗಳು ತಲೆ ಚಚ್ಚಿಕೊಂಡಳು. ಹತ್ತುವ ಮುನ್ನ ಅಜ್ಜ ಬೂಟು ಒರೆಸಿಕೊಳ್ಳುತ್ತಾನೆ. ಗಾಜಿನ ಮುಚ್ಚಳ ಹಾಕುವಾಗ, ಹಿಂದಿನ ಸೀಟಿನಲ್ಲಿ ಕೂತು ಕಲಿಸುವ ಮೇಷ್ಟ್ರಿಗೇ "ಕೈ ಒಳಗಿಟ್ಕೊಳ್ಳಿ ಸಾರ್" ಎಂದು ಬುದ್ಧಿ ಹೇಳುತ್ತಾನೆ. ಗ್ಲೈಡರನ್ನು ಮೇಲೆತ್ತುವ ಬಿಸಿಗಾಳಿಗೆ ಈ ಹಾರಾಟದ ಮೈದಾನದವರೆಲ್ಲ ಲಿಫ್ಟ್ ಎನ್ನುತ್ತಾರೆ. ಮೇಷ್ಟ್ರು "ಲಿಫ್ಟ್ ಸಿಕ್ತು!" ಎಂದು ಕೂಗಿದರೆ ಸಾಕು, ಅಜ್ಜನ ಬಾಯಿಂದ "ಯಾವ ಫ್ಲೋರು, ಸಾರ್?" ಎಂದು ತಾನಾಗಿಯೇ ಬಂದುಬಿಡುತ್ತದೆ. ಇಳಿದ ಮೇಲೆ ಮೇಷ್ಟ್ರು ಅದನ್ನೇ ನಟಿಸಿ ತೋರಿಸುತ್ತಾರೆ, ಮೈದಾನದವರೆಲ್ಲ ಬಿದ್ದು ಬಿದ್ದು ನಗುತ್ತಾರೆ, ಅಜ್ಜನೂ ನಗುತ್ತಾನೆ. ಆದರೆ ಮೇಲೆ, ಊರಿನ ಮನೆಗಳೆಲ್ಲ ಬೆಂಕಿಪೊಟ್ಟಣದಷ್ಟಾದ ಹೊತ್ತಿನಲ್ಲಿ ಅವನು ಗಾಜಿಗೆ ಹಣೆಯೊತ್ತಿ ಊರನ್ನೇ ನೋಡುತ್ತಾನೆ. ತೀರಿಕೊಂಡ ಹೆಂಡತಿ ಒಮ್ಮೆ ಕಚೇರಿಗೆ ಊಟದ ಡಬ್ಬಿ ಕೊಡಲು ಬಂದವಳು, "ಒಂದೇ ಒಂದ್ಸಲ ಮೇಲಿನ ತನಕ ಕರ್ಕೊಂಡು ಹೋಗ್ರೀ, ಊರು ಹೇಗೆ ಕಾಣುತ್ತೆ ನೋಡ್ಬೇಕು" ಎಂದಿದ್ದಳು. "ಮನೆಯವರನ್ನೆಲ್ಲ ಹತ್ತಿಸೋ ಹಾಗಿಲ್ಲ, ರೂಲ್ಸು" ಎಂದು ಅಜ್ಜ ಬಾಗಿಲು ಎಳೆದುಕೊಂಡಿದ್ದ. ಅವತ್ತು ಹನ್ನೊಂದನೇ ಮಹಡಿಯ ತನಕ ಲಿಫ್ಟು ಖಾಲಿಯೇ ಹೋಗಿತ್ತು.