ದೊಡ್ಡಮ್ಮನ ಎಂಬತ್ತು

ನಮ್ಮ ಹಳೆಯ ಕಾರಿಗೆ ದಾರಿ ತೋರಿಸುವ ಉಪಕರಣ ಹಾಕಿಸಲೇಬೇಕೆಂದು ಮಗಳ ಹಟ. ಸುರಂಗದೊಳಗೆ ಉಪಗ್ರಹ ಕೈಕೊಟ್ಟರೂ ಅದು ದಾರಿ ತಪ್ಪದಿರಲು ವೇಗ ತಿಳಿಸುವ ಸೆನ್ಸರ್ ಬೇಕಂತೆ. ಅದನ್ನು ಕೂರಿಸಲು ಮೆಕ್ಯಾನಿಕ್ ಸ್ಪೀಡೋಮೀಟರಿನ ಕೇಬಲ್ ಎಳೆದ. ಹಳೆಯ ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು...

ಎಂಬತ್ತರ ದಶಕದ ಮುಂಬಯಿ, ಭಾಂಡುಪಿನ ನಮ್ಮ ಕಾಲೊನಿ. ಈ ಕಾರು ಆಗ ಅವರ ಯಜಮಾನರದು. ಫೋರ್ಟಿನ ಬ್ಯಾಂಕಿನಲ್ಲಿದ್ದ ಅವರು ನಮಗೆಲ್ಲ ರಾಯರು. ದೊಡ್ಡಮ್ಮನ ತಮ್ಮ ಬಸ್ ಅಪಘಾತದಲ್ಲಿ ತೀರಿಕೊಂಡಿದ್ದ. ಅಂದಿನಿಂದ ವೇಗವೆಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ರಾಯರ ಪಕ್ಕ ಕೂತು ಸ್ಪೀಡೋಮೀಟರಿನ ಮುಳ್ಳನ್ನೇ ನೋಡುವರು. ನಲವತ್ತು ದಾಟಿತೋ, ಮುಂದಿನ ಸಿಗ್ನಲ್ಲಿನಲ್ಲಿ ಇಳಿದು ರೈಲು ಸ್ಟೇಷನ್ನಿಗೆ ನಡೆದುಬಿಡುವರು. ಪುಣ್ಯಾತ್ಗಿತ್ತಿಯ ಹಟಕ್ಕೆ ನಾವೆಲ್ಲ ನಗುತ್ತಿದ್ದೆವು.

ಒಂದು ಮಧ್ಯಾಹ್ನ ನನ್ನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ದಾದರಿನ ಆಸ್ಪತ್ರೆಗೆ ರಾಯರೇ ಕಾರು ತೆಗೆದರು; ದೊಡ್ಡಮ್ಮ ಎಂದಿನಂತೆ ಅವರ ಪಕ್ಕ ಕೂತರು. ಹಿಂದಿನ ದಿನವಷ್ಟೇ ಸ್ಪೀಡೋಮೀಟರ್ ರಿಪೇರಿಯಾಗಿತ್ತು. ಹೊರಟರೆ ಕಾರು ತೆವಳುತ್ತಿದೆ, ರಿಕ್ಷಾಗಳೂ ನಮ್ಮನ್ನು ಹಿಂದಿಕ್ಕುತ್ತಿವೆ, ಮುಳ್ಳು ಮಾತ್ರ ಆಗಲೇ ನಲವತ್ತಕ್ಕೆ ಬಂದಿದೆ!

"ಮುಳ್ಳು ಸರಿಯಿಲ್ಲ ಕಣೇ," ಎಂದರು ರಾಯರು.

"ನಿನ್ನೆ ತಾನೇ ಸರಿ ಮಾಡ್ಸಿದೆ ಅಂದ್ರಲ್ಲ! ನಿಧಾನಕ್ಕೆ ನಡೀರಿ," ಎಂದರು ದೊಡ್ಡಮ್ಮ.

ದಾರಿಯಲ್ಲೇ ಹೆರಿಗೆಯಾದರೆ ಗತಿಯೇನೆಂದು ಹಿಂದಿನ ಸೀಟಿನಲ್ಲಿ ಹೆಂಡತಿಯ ಕೈ ಹಿಡಿದು ಕೂತಿದ್ದೆ. ಘಾಟ್ಕೋಪರ್ ಹತ್ತಿರ ಹೆಂಡತಿ ಚೀರಿದಳು. ದೊಡ್ಡಮ್ಮ ತಿರುಗಿ ಅವಳ ಮುಖ ನೋಡಿದರು. ಆಮೇಲೆ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು.

"ಎಂಬತ್ತಾದ್ರೂ ಆಗ್ಲಿ, ಓಡ್ಸಿ ಅಂದ್ರೆ!"

ಮುಳ್ಳು ಎಂಬತ್ತಕ್ಕೆ ಏರಿತು. ಅವರು ಕಣ್ಣು ಮುಚ್ಚಲಿಲ್ಲ. ತುಟಿ ಮಾತ್ರ ದೇವರ ಹೆಸರು ಹೇಳುತ್ತಿತ್ತು...

ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಕ್ಷೇಮ ಎಂದು ನರ್ಸ್ ಹೇಳಿದಾಗ ಅಲ್ಲೇ ಬೆಂಚಿನ ಮೇಲೆ ಕೂತೆ. ರಾಯರು ನನ್ನ ಕೈಗೆ ಚಹಾ ಕೊಟ್ಟು ಪಿಸುಗುಟ್ಟಿದರು.

"ಗ್ಯಾರೇಜಿನವ್ನು ಮೀಟರಿಗೆ ಬೇರೆ ಯಾವ್ದೋ ಗಾಡಿ ಗೇರು ಹಾಕಿದಾನೆ ಕಣಯ್ಯ. ಮುಳ್ಳು ಡಬಲ್ ತೋರಿಸ್ತಿದೆ. ನಾವು ಬಂದಿದ್ದು ನಲವತ್ತರಲ್ಲೇ. ಅವಳಿಗೆ ಹೇಳ್ಬೇಡ."

ನಾನು ಹೇಳಲಿಲ್ಲ. ರಾಯರು ಗುಟ್ಟಾಗಿ ಗೇರು ಬದಲಿಸಿದರು. ಎಂಬತ್ತರಲ್ಲಿ ಹೋದ ಕತೆಯನ್ನು ದೊಡ್ಡಮ್ಮ ಕಾಲೊನಿಯಲ್ಲೆಲ್ಲ ಹೇಳಿಕೊಂಡು ಮೆರೆದರು. ನಲವತ್ತರ ಕಾವಲು ಮಾತ್ರ ಮರುದಿನದಿಂದಲೇ ಮತ್ತೆ ಶುರು!

ರಾಯರು ಹೋದ ಮೇಲೆ ಕಾರನ್ನು ದೊಡ್ಡಮ್ಮನೇ ನಮಗೆ ಕೊಟ್ಟರು. ಈಗ ಅವರೂ ಇಲ್ಲ. ಸೆನ್ಸರ್ ಕೂರಿಸಿ ಮುಗಿಯುವ ಹೊತ್ತಿಗೆ ಮಗಳಿಗೆ ಈ ಕತೆಯೆಲ್ಲ ಹೇಳಿದೆ. ಅವಳು ನಕ್ಕಳು.

"ಮತ್ಲಬ್, ಅಂದ್ರೆ ಅಜ್ಜಿ ಹೋಗಿದ್ದು ಬರೀ ಫಾರ್ಟಿಯಲ್ಲಿ!"

"ಇಲ್ಲಮ್ಮ," ಎಂದೆ. "ನಾವು ಹೋಗಿದ್ದು ನಲವತ್ತರಲ್ಲಿ. ಅವರು ಎಂಬತ್ತರಲ್ಲೇ ಬಂದ್ರು, ನಿನಗೋಸ್ಕರ."