ಅಖ್ತರ್ ಖಾನುಮ್ ಆರಿಸಿದ ರತ್ನಗಂಬಳಿ

ಮನೆಗೊಂದು ಹಳೆಯ ರತ್ನಗಂಬಳಿ ಆರಿಸಲೆಂದು ಅಖ್ತರ್ ಖಾನುಮ್ ಶಿರಾಜ್ ಬಜಾರಿನ ಯದುಲ್ಲಾನ ಅಂಗಡಿಗೆ ಬರತೊಡಗಿ ಆರು ವರ್ಷವಾಗಿತ್ತು. ಆತುರದ ನಿರ್ಧಾರ ಆಕೆಗೆ ಆಗದು. ಅಷ್ಟರಲ್ಲಿ ಯದುಲ್ಲಾ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ವರ ಹುಡುಕಿ ಮದುವೆಯನ್ನೂ ಮುಗಿಸಿದ್ದ. ಬುಧವಾರ ಬಂದರೆ ಆಕೆ ಸಕ್ಕರೆ ತುಂಡು ಕಚ್ಚಿಕೊಂಡು ಎರಡು ಲೋಟ ಚಹಾ ಕುಡಿದು, ನಲವತ್ತು ಕಂಬಳಿ ಹರಡಿಸಿ, ಒಂದೊಂದನ್ನೂ ಮಗುಚಿ ಗಂಟು ಎಣಿಸಿ, ಒದ್ದೆ ಕರವಸ್ತ್ರದಿಂದ ಬಣ್ಣ ಉಜ್ಜಿ, ಉಣ್ಣೆ ಮೂಸಿ, "ಈ ಕುರಿ ಬೆಟ್ಟದ ಹುಲ್ಲು ಮೇಯ್ದಿದ್ದಲ್ಲ" ಎಂದು ತೀರ್ಪು ಕೊಡುತ್ತಿದ್ದಳು. "ಎಂಬತ್ತು ವರ್ಷದ್ದು ಖಾನುಮ್" ಎಂದರೆ, "ನನಗಿಂತ ಹತ್ತೇ ವರ್ಷ ದೊಡ್ಡದು, ಆಗಲೇ ಹೀಗೆ ಬಡವಾಗಿದೆಯಲ್ಲ" ಎನ್ನುವಳು. ಗಂಡ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ, ಕಪ್ಪು ಬಟ್ಟೆಯಲ್ಲೇ ಮತ್ತೆ ಬಂದಳು. ಅಂದು ಏನನ್ನೂ ಮೂಸಲಿಲ್ಲ. ರಾಶಿಯ ಅಡಿಯಲ್ಲಿದ್ದ, ಒಂದು ಪಕ್ಕ ದಾರ ಕಾಣುವಷ್ಟು ತೆಳುವಾಗಿದ್ದ ಕಂಬಳಿಯನ್ನು ಎಳೆಸಿದಳು. "ಅದು ಬೇಡ ಖಾನುಮ್, ಯಾರೋ ವರ್ಷಗಟ್ಟಲೆ ಅಲ್ಲೇ ಕೂತು ಸವೆಸಿಬಿಟ್ಟಿದಾರೆ" ಎಂದ ಯದುಲ್ಲಾ. ಆಕೆ ಆ ಜಾಗವನ್ನು ಅಂಗೈಯಿಂದ ಮೆಲ್ಲಗೆ ಸವರಿದಳು. "ಇದನ್ನೇ ಕಟ್ಟಿಕೊಡಪ್ಪ. ಮನೇಲಿ ಯಾರೋ ಈಗಷ್ಟೇ ಎದ್ದುಹೋದ ಹಾಗಿರುತ್ತೆ."